ಬಿಎನಲ್ಲಿ ಸೈಕಾಲಜಿ ತಗೊಳ್ಳಬಹುದಾ? ಕನ್ನಡ ಮೀಡಿಯಂ, ಗಣಿತ ಅಷ್ಟಕ್ಕಷ್ಟೆ

ತುಂಗಭದ್ರೆ ದಂಡೆ:

ಎಲ್ಲರಿಗೂ ನಮಸ್ಕಾರ. ನಾನು ರಾಣೆಬೆನ್ನೂರಿನ ಕಡೆಯವಳು. ಈ ವರ್ಷ ಸೆಕೆಂಡ್ ಪಿಯುಸಿ ಆರ್ಟ್ಸ್ ಮುಗೀತು. ಒಂದನೇ ಕ್ಲಾಸಿನಿಂದ ಕನ್ನಡ ಮೀಡಿಯಂ. ಡಿಗ್ರಿಯಲ್ಲಿ ಸೈಕಾಲಜಿ ತಗೋಬೇಕು ಅಂತ ಮನಸ್ಸಿದೆ. ಪಿಯುಸಿಯಲ್ಲಿ ಆ ವಿಷಯ ನಮ್ಮ ಕಾಲೇಜಿನಲ್ಲಿ ಇರಲಿಲ್ಲ.

ಆಸೆ ಹುಟ್ಟಿದ್ದು ನಮ್ಮ ಅತ್ತೆಯಿಂದ. ಹೆರಿಗೆ ಆದ ಮೇಲೆ ಅವರು ಊಟ ಬಿಟ್ಟರು, ಮಾತು ಬಿಟ್ಟರು, ಕೂಸನ್ನು ಎತ್ತಿಕೊಳ್ಳುತ್ತಿರಲಿಲ್ಲ. ಎರಡು ಮೂರು ಕಡೆ ದೇವರು ಕೇಳಿಸಿದರು. ಆಮೇಲೆ ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್‌ಗೆ ಕರೆದುಕೊಂಡು ಹೋದೆವು. ಡಾಕ್ಟರು ಮಾತ್ರೆ ಬರೆದುಕೊಟ್ಟರು. ಅದಾದ ಮೇಲೆ ಇನ್ನೊಬ್ಬರು ಮೇಡಂ ಅತ್ತೆಯನ್ನು ಕೂರಿಸಿಕೊಂಡು ತುಂಬಾ ಹೊತ್ತು ಮಾತಾಡಿಸಿದರು. ಅವರು ಡಾಕ್ಟರಲ್ಲ, ಸೈಕಾಲಜಿ ಓದಿದವರು ಅಂತ ಆಮೇಲೆ ಗೊತ್ತಾಯಿತು. ಅತ್ತೆ ಈಗ ಆರಾಮಿದ್ದಾರೆ.

ಅಪ್ಪಾಜಿ ಬಿಕಾಂ ಮಾಡು ಅನ್ನುತ್ತಾರೆ. ಸೈಕಾಲಜಿ ಓದಿದರೆ ಯಾರು ಕೆಲಸ ಕೊಡುತ್ತಾರೆ ಅಂತ ಅವರ ಪ್ರಶ್ನೆ. ದೊಡ್ಡಪ್ಪನ ಮಗ, ಅದರಲ್ಲಿ ಲೆಕ್ಕ ಇರುತ್ತೆ, ನಿನ್ನ ಕೈಲಿ ಆಗಲ್ಲ ಅಂದ. ಹೌದಾ? ಕನ್ನಡದಲ್ಲೇ ಓದಿದವರಿಗೆ ಕಷ್ಟ ಆಗುತ್ತಾ? ಮೂರು ವರ್ಷ ಓದಿದರೆ ಆ ಮೇಡಂ ಥರ ಕೆಲಸ ಮಾಡಬಹುದಾ? ಗೊತ್ತಿದ್ದವರು ದಯವಿಟ್ಟು ಹೇಳಿ.

ಜಯನಗರ ಫೋರ್ತ್ ಬ್ಲಾಕ್:

ಕೊನೆಯ ಪ್ರಶ್ನೆಗೆ ಮೊದಲು ಉತ್ತರ: ಮೂರು ವರ್ಷಕ್ಕೆ ಆಗಲ್ಲ. ನಾನು ಬಿಎನಲ್ಲಿ ಸೈಕಾಲಜಿ, ಸೋಷಿಯಾಲಜಿ, ಇಂಗ್ಲಿಷ್ ಓದಿದವನು. ಆಮೇಲೆ ಎಂಬಿಎ ಮಾಡಿ ಈಗ ಎಚ್‌ಆರ್‌ನಲ್ಲಿದ್ದೇನೆ. ಡಿಗ್ರಿ ಮಟ್ಟದಲ್ಲಿ ಸೈಕಾಲಜಿಯವರಿಗೇ ಅಂತ ಇರುವ ಕೆಲಸ ಕಡಿಮೆ. ಆದರೆ ಬಿಎ ಮುಗಿಸಿದ ಯಾರಿಗೇ ಆದರೂ ಸಿಗುವ ದಾರಿ ನಿನಗೂ ಇದೆ. ಬಿಎಡ್ ಮಾಡಬಹುದು, ಸಮಾಜಕಾರ್ಯದ ಎಂಎಸ್‌ಡಬ್ಲ್ಯೂ ಮಾಡಬಹುದು, ಬ್ಯಾಂಕ್ ಪರೀಕ್ಷೆ, ಕೆಪಿಎಸ್‌ಸಿ ಎಲ್ಲ ಬರೆಯಬಹುದು. ಯುಪಿಎಸ್‌ಸಿಯಲ್ಲಿ ಸೈಕಾಲಜಿಯನ್ನೇ ಐಚ್ಛಿಕ ವಿಷಯವಾಗಿ ತಗೋಬಹುದು. ಬಾಗಿಲು ಮುಚ್ಚಿಹೋಗುತ್ತೆ ಅನ್ನೋ ಭಯ ಬೇಡ ಅಂತ ಅಪ್ಪಾಜಿಗೆ ಹೇಳು.

ಮಂಗಳವಾರದ ಕ್ಯಾಂಪ್:

ತಂಗಿ, ನಾನು ಒಂದು ಜಿಲ್ಲಾಸ್ಪತ್ರೆಯಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್. ನಿಮ್ಮ ಅತ್ತೆಯನ್ನು ಮಾತಾಡಿಸಿದ ಮೇಡಂ ಮಾಡುವಂಥದ್ದೇ ಕೆಲಸ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಕೆಳಗೆ ಇದ್ದೇನೆ. ಮಂಗಳವಾರ ತಾಲ್ಲೂಕು ಆಸ್ಪತ್ರೆಯ ಮನೋಚೈತನ್ಯ ಕ್ಲಿನಿಕ್‌ಗೆ ಹೋಗುತ್ತೇವೆ. ಈ ಕಾರ್ಯಕ್ರಮದ ಬೇರು ನಮ್ಮ ಬಳ್ಳಾರಿಯಲ್ಲಿದೆ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿ ನೋಡಿದ ಮಾದರಿಯನ್ನೇ 1996ರಲ್ಲಿ ಕೇಂದ್ರ ಸರ್ಕಾರ ಬೇರೆ ರಾಜ್ಯಗಳಿಗೂ ಒಯ್ದಿತು. ನಾನೂ ನಿನ್ನ ಹಾಗೆ ಕನ್ನಡ ಮೀಡಿಯಂನವಳು, ತಿಪಟೂರಿನ ಕಡೆ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ.

ಬಿಎ ಸೈಕಾಲಜಿಯಲ್ಲಿ ಇನ್ನೊಬ್ಬರಿಗೆ ಸಮಾಧಾನ ಹೇಳೋದನ್ನು ಕಲಿಸುತ್ತಾರೆ ಅಂತ ಬಹಳ ಜನ ಸೇರುತ್ತಾರೆ. ಮೊದಲ ಸೆಮಿಸ್ಟರಿನಲ್ಲೇ ಬೇಜಾರಾಗುತ್ತಾರೆ. ಯಾಕಂದ್ರೆ ಅಲ್ಲಿ ಕಣ್ಣು, ಕಿವಿ, ಮೆದುಳಿನ ಭಾಗಗಳು, ಗಮನ, ನೆನಪು, ಕಲಿಕೆ ಇವೇ ಜಾಸ್ತಿ. ಮಾನಸಿಕ ಕಾಯಿಲೆಯ ಪಾಠ ಬರುವ ಹೊತ್ತಿಗೆ ಒಂದೆರಡು ವರ್ಷ ಕಳೆದಿರುತ್ತೆ. ಡಿಗ್ರಿಯಲ್ಲಿ ನಿಜವಾಗಿ ಕಲಿಯೋದು ಮನುಷ್ಯರನ್ನು ಜೋಪಾನವಾಗಿ ಅಳೆಯೋದನ್ನು, ಅಳೆದು ಬಂದ ಅಂಕಿಯನ್ನು ತಕ್ಷಣ ನಂಬದೇ ಇರೋದನ್ನು. ಇದು ಇಷ್ಟವಾದರೆ ಸೈಕಾಲಜಿ ನಿನ್ನದು.

ಪ್ರಾಕ್ಟಿಕಲ್ ಹೇಗಿರುತ್ತೆ ಅಂತ ಹೇಳುತ್ತೇನೆ. ಮ್ಯೂಲರ್-ಲಯರ್ ಅಂತ ಒಂದು ಪ್ರಯೋಗ ಇದೆ, ಬಹುತೇಕ ಎಲ್ಲ ಕಾಲೇಜಿನಲ್ಲೂ ಮಾಡಿಸುತ್ತಾರೆ. ಒಂದು ಉದ್ದನೆಯ ಪಟ್ಟಿ. ಅದರ ಮೇಲೆ ಒಂದು ಗೆರೆ, ಎರಡೂ ತುದಿಗೆ ಬಾಣದ ತಲೆ. ಪಕ್ಕದಲ್ಲಿ ಇನ್ನೊಂದು ಗೆರೆ, ಅದರ ತುದಿಯ ರೆಕ್ಕೆಗಳು ಹೊರಗಡೆ ಚಾಚಿರುತ್ತವೆ. ಎರಡನೆಯದನ್ನು ಎಳೆದು ಉದ್ದ ಮಾಡಬಹುದು, ತಳ್ಳಿ ಗಿಡ್ಡ ಮಾಡಬಹುದು. ಎದುರಿಗೆ ಕೂತವಳಿಗೆ ಎರಡೂ ಸಮ ಅನಿಸಿದಲ್ಲಿ ನಿಲ್ಲಿಸು ಅನ್ನಬೇಕು. ಹಿಂಭಾಗದಲ್ಲಿ ಸ್ಕೇಲ್ ಇರುತ್ತೆ, ನೀನು ಮಿಲಿಮೀಟರ್‌ನಲ್ಲಿ ಓದಿ ಬರೆದುಕೊಳ್ಳಬೇಕು. ಹೆಚ್ಚು ಕಮ್ಮಿ ಎಲ್ಲರೂ ಅದನ್ನು ನಿಜವಾದ ಸಮಕ್ಕಿಂತ ಗಿಡ್ಡ ಇರುವಲ್ಲೇ ನಿಲ್ಲಿಸುತ್ತಾರೆ. ರೆಕ್ಕೆ ಹೊರಗಿರುವ ಗೆರೆ ಕಣ್ಣಿಗೆ ಉದ್ದ ಕಾಣುತ್ತೆ.

ಆಮೇಲೆ ಮೇಡಂ ಕೇಳುತ್ತಾರೆ: ಗೆರೆಯನ್ನು ಯಾವಾಗಲೂ ಉದ್ದದಿಂದಲೇ ಗಿಡ್ಡ ಮಾಡಿಸಿದರೆ? ಅದಕ್ಕೇ ಅರ್ಧ ಸಲ ಉದ್ದದಿಂದ, ಅರ್ಧ ಸಲ ಗಿಡ್ಡದಿಂದ ಶುರು ಮಾಡಬೇಕು. ಎಡಗಡೆ ಇಟ್ಟರೆ ಬೇರೆ, ಬಲಗಡೆ ಇಟ್ಟರೆ ಬೇರೆ ಬಂದರೆ? ಅದನ್ನೂ ಅದಲು ಬದಲು ಮಾಡಬೇಕು. ಇಷ್ಟೆಲ್ಲ ಮಾಡಿದ ಮೇಲೆ ಉಳಿಯುವ ತಪ್ಪು ಮಾತ್ರ ಭ್ರಮೆಯದ್ದು. ಇನ್ನೊಂದು ವಿಷಯ ನನಗೆ ಇವತ್ತಿಗೂ ಅಚ್ಚರಿ. ಎರಡೂ ಸಮ ಅಂತ ಸ್ಕೇಲ್ ಹಿಡಿದು ನೀನೇ ಅಳೆದು ನೋಡು. ಆಮೇಲೂ ಕಣ್ಣು ಒಂದನ್ನು ಉದ್ದ ಅಂತಲೇ ತೋರಿಸುತ್ತೆ. ತಿಳಿವಳಿಕೆ ಬಂದ ಮಾತ್ರಕ್ಕೆ ಭ್ರಮೆ ಹೋಗಲ್ಲ. ಭಯ ಸುಳ್ಳು ಅಂತ ಗೊತ್ತಿದ್ದೂ ಕೈ ತೊಳೆಯುತ್ತಲೇ ಇರುವ ಒಸಿಡಿ ರೋಗಿ ಎದುರಿಗೆ ಕೂತಾಗ ನನಗೆ ಈ ಪಟ್ಟಿ ನೆನಪಿಗೆ ಬರುತ್ತೆ. ಎರಡೂ ಒಂದೇ ಅಂತ ಹೇಳುತ್ತಿಲ್ಲ. ಆದರೆ ‘ಗೊತ್ತಿದ್ದೂ ಯಾಕೆ ಮಾಡ್ತೀರಿ’ ಅಂತ ಆ ಮನುಷ್ಯನನ್ನು ನಾನು ಗದರಿಸಲ್ಲ.

ಇನ್ನು ಲೆಕ್ಕ. ಹೌದು, ಇರುತ್ತೆ. ಸರಾಸರಿ, ಸ್ಟ್ಯಾಂಡರ್ಡ್ ಡೀವಿಯೇಷನ್ (ಅಂಕಿಗಳು ಸರಾಸರಿಯಿಂದ ಎಷ್ಟು ಚದುರಿವೆ ಅನ್ನೋ ಅಳತೆ), ಕೋರಿಲೇಷನ್, ಟಿ-ಟೆಸ್ಟ್, ಕೈ-ಸ್ಕ್ವೇರ್. ಕೂಡೋದು, ಕಳೆಯೋದು, ಗುಣಿಸೋದು, ವರ್ಗಮೂಲ ಬಂದರೆ ಸಾಕು. ಕ್ಯಾಲ್ಕುಲಸ್ ಇಲ್ಲ, ತ್ರಿಕೋನಮಿತಿ ಇಲ್ಲ. ಆದರೆ ಸುಮ್ನೆ ಪಾಸಾಗೋಕೆ ಅಂತ ಅದನ್ನು ಬಾಯಿಪಾಠ ಮಾಡಬೇಡ. ಅದು ಯಾಕೆ ಬೇಕು ಅಂತ ನನ್ನ ಟೇಬಲ್ಲಿನಿಂದಲೇ ಹೇಳುತ್ತೇನೆ.

ಬುದ್ಧಿಮಾಂದ್ಯತೆಯ ಸರ್ಟಿಫಿಕೇಟ್‌ಗೆ ತಂದೆ ತಾಯಿ ಮಕ್ಕಳನ್ನು ಕರೆತರುತ್ತಾರೆ. ಅಂಗವಿಕಲರ ಗುರುತಿನ ಯುಡಿಐಡಿ ಕಾರ್ಡ್, ಪಿಂಚಣಿ, ಬಸ್ ಪಾಸ್ ಎಲ್ಲ ಅದರ ಮೇಲೆ ನಿಂತಿರುತ್ತೆ. ಮಾತು ಕಮ್ಮಿ ಇರುವ ಮಗುವಿಗೆ ಮೊದಲು ಸೆಗ್ವಿನ್ ಫಾರ್ಮ್ ಬೋರ್ಡ್ ಇಡುತ್ತೇನೆ. ಮರದ ಹಲಗೆ, ಅದರಲ್ಲಿ 10 ಗುಂಡಿ: ನಕ್ಷತ್ರ, ವೃತ್ತ, ಕೂಡುಗುರುತು ಹೀಗೆ. ಬಿಲ್ಲೆಗಳನ್ನು ಪಕ್ಕದಲ್ಲಿ ಜೋಡಿಸಿಟ್ಟು ಆದಷ್ಟು ಬೇಗ ಕೂರಿಸು ಅನ್ನಬೇಕು. ಮೂರು ಸಲ ಮಾಡಿಸಿ, ಕಡಿಮೆ ಹೊತ್ತು ತಗೊಂಡ ಸಲದ ಸೆಕೆಂಡುಗಳನ್ನು ಲೆಕ್ಕಕ್ಕೆ ಹಿಡಿಯಬೇಕು. ಒಂದು ಮಗು ಬೆಳಿಗ್ಗೆ ಐದಕ್ಕೆ ಬಸ್ಸು ಹತ್ತಿ ಬಂದಿರುತ್ತೆ, ಏನೂ ತಿಂದಿರಲ್ಲ. ಆ ಸ್ಥಿತಿಯಲ್ಲಿ ಬಂದ ಅಂಕಿಯನ್ನು ಹಾಗೇ ಬರೆಯಬಹುದಾ? ನಾನು ತಾಯಿಗೆ ಮೊದಲು ಮಗುವಿಗೆ ತಿಂಡಿ ತಿನ್ನಿಸಿಕೊಂಡು ಬನ್ನಿ ಅನ್ನುತ್ತೇನೆ. ಹೊರಗೆ ಸಾಲು ಉದ್ದ ಇದ್ದರೂ ಸರಿ.

ವೆಕ್ಸ್ಲರ್ ಥರದ ಐಕ್ಯೂ ಪರೀಕ್ಷೆಯಲ್ಲಿ ಸರಾಸರಿ 100, ಸ್ಟ್ಯಾಂಡರ್ಡ್ ಡೀವಿಯೇಷನ್ 15. ಬುದ್ಧಿಮಾಂದ್ಯತೆಗೆ 70 ಅನ್ನೋ ಗಡಿ ಆಕಾಶದಿಂದ ಬಿದ್ದಿದ್ದಲ್ಲ. ಸರಾಸರಿಗಿಂತ ಎರಡು ಡೀವಿಯೇಷನ್ ಕೆಳಗೆ, ಅಷ್ಟೇ. ಯಾವ ಪರೀಕ್ಷೆಯಲ್ಲೂ ಅಳತೆಯ ತಪ್ಪು ಅಂತ ಒಂದು ಇದ್ದೇ ಇರುತ್ತೆ. ಹಾಗಾಗಿ 68 ಬಂದ ಮಗುವಿಗೂ 72 ಬಂದ ಮಗುವಿಗೂ ನಡುವೆ ದೊಡ್ಡ ಗೋಡೆ ಕಟ್ಟಲು ಬರಲ್ಲ. ಮನೆಯಲ್ಲಿ ತಾನೇ ಸ್ನಾನ ಮಾಡುತ್ತಾ, ಅಂಗಡಿಗೆ ಹೋಗಿ ಚಿಲ್ಲರೆ ತರುತ್ತಾ, ಅದನ್ನೆಲ್ಲ ಕೇಳಿ ಸೇರಿಸಿ ನೋಡಬೇಕು. ಸಂಖ್ಯಾಶಾಸ್ತ್ರ ಅರ್ಥವಾಗದವರು ಆ ಅಂಕಿಯನ್ನು ದೇವರ ವಾಕ್ಯ ಅಂದುಕೊಳ್ಳುತ್ತಾರೆ. ಅದರಿಂದ ಒಂದು ಮನೆಯ ಪಿಂಚಣಿ ಹೋಗಬಹುದು, ಇಲ್ಲಾ ಒಂದು ಮಗುವಿಗೆ ಇಲ್ಲದ ಹಣೆಪಟ್ಟಿ ಅಂಟಬಹುದು.

ಕನ್ನಡ ಮೀಡಿಯಂ ಬಗ್ಗೆ. ನಾನು ಬಿಎ ಪರೀಕ್ಷೆಯನ್ನು ಕನ್ನಡದಲ್ಲೇ ಬರೆದೆ. ನೀನು ಸೇರುವ ವಿಶ್ವವಿದ್ಯಾಲಯದಲ್ಲಿ ಹೇಗೆ ಅಂತ ಕಾಲೇಜಿನಲ್ಲೇ ಕೇಳಿಕೋ. ಎಂಎಸ್ಸಿಗೆ ಬಂದಾಗ ಪುಸ್ತಕವೆಲ್ಲ ಇಂಗ್ಲಿಷ್. ಮೊದಲ ವರ್ಷ ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ಓದಿದೆ, ಆಮೇಲೆ ಅಭ್ಯಾಸ ಆಯಿತು. ಹಾಗಾಗಿ ಡಿಗ್ರಿಯಲ್ಲೇ ದಿನಾ ಒಂದು ಪುಟ ಇಂಗ್ಲಿಷ್ ಪುಸ್ತಕ ಓದುವ ರೂಢಿ ಮಾಡಿಕೋ. ಆದರೆ ಕೆಲಸಕ್ಕೆ ಬಂದ ಮೇಲೆ ತಕ್ಕಡಿ ನಮ್ಮ ಕಡೆ ವಾಲುತ್ತೆ. ನನ್ನ ಹತ್ತಿರ ಬರುವವರು ‘ಡಿಪ್ರೆಷನ್ ಆಗಿದೆ ಮೇಡಂ’ ಅನ್ನಲ್ಲ. ತಲೆ ಉರಿ, ಕೈಕಾಲು ಜೋಮು, ಎದೆ ಡವಡವ, ನಿದ್ದೆ ಇಲ್ಲ ಅನ್ನುತ್ತಾರೆ. ಹೊಲದ ಸಾಲ, ಸೊಸೆ ಜೊತೆಗಿನ ಜಗಳ, ಗಂಡನ ಕುಡಿತ ಅರ್ಧ ಗಂಟೆ ಆದ ಮೇಲೆ ಹೊರಗೆ ಬರುತ್ತೆ. ಆ ಅರ್ಧ ಗಂಟೆ ಮಾತು ಮುರಿಯದ ಹಾಗೆ ಕೂರಲು ಊರಿನ ಬದುಕು ಗೊತ್ತಿರಬೇಕು. ನಿನಗೆ ಗೊತ್ತಿದೆ.

ನಮ್ಮಲ್ಲಿ ಇದಕ್ಕೆ ಹಳೆಯ ದಾರಿಯೂ ಇದೆ. ಬಿನೆ ಬುದ್ಧಿಪರೀಕ್ಷೆಯನ್ನು ವಿ.ವಿ. ಕಾಮತ್ ಅವರು 1930ರ ದಶಕದಲ್ಲೇ ಕನ್ನಡ ಮತ್ತು ಮರಾಠಿಗೆ ಒಗ್ಗಿಸಿದರು. ಬಿನೆ-ಕಾಮತ್ ಅಂತ ಅದನ್ನು ಈಗಲೂ ಬಳಸುತ್ತೇವೆ. ಮಕ್ಕಳ ಬೆಳವಣಿಗೆ ನೋಡುವ ಡಿಎಸ್‌ಟಿಯನ್ನು ಮಾಡಿದವರು ಮೈಸೂರಿನ ಭರತ್ ರಾಜ್. ಇನ್ನೂ ಎಷ್ಟೋ ಪರೀಕ್ಷೆಗಳು ಕನ್ನಡಕ್ಕೆ ಸರಿಯಾಗಿ ಬರಬೇಕು. ಇಂಗ್ಲಿಷಿನಿಂದ ಪ್ರಶ್ನೆಯನ್ನು ಹಾಗೇ ಇಳಿಸಿದರೆ ರಾಣೆಬೆನ್ನೂರಿನ ಮಗುವಿಗೆ ಅದು ಬುದ್ಧಿಯ ಪರೀಕ್ಷೆ ಆಗಲ್ಲ, ಹೊರಗಿನವರ ಬದುಕು ಗೊತ್ತಾ ಇಲ್ವಾ ಅನ್ನೋ ಪರೀಕ್ಷೆ ಆಗುತ್ತೆ. ಆ ಕೆಲಸಕ್ಕೆ ನಿನ್ನಂಥವರೇ ಬೇಕು.

ಈಗ ದಾರಿ. ಬಿಎ ಮೂರು ವರ್ಷ, ಎಂಎ ಅಥವಾ ಎಂಎಸ್ಸಿ ಎರಡು ವರ್ಷ. ಆಮೇಲೆ ಭಾರತೀಯ ಪುನರ್ವಸತಿ ಮಂಡಳಿ, ಅಂದ್ರೆ ಆರ್‌ಸಿಐ ಒಪ್ಪಿದ ತರಬೇತಿ ಮುಗಿಸಿ ಹೆಸರು ನೋಂದಾಯಿಸಿದರೆ ಮಾತ್ರ ಕ್ಲಿನಿಕಲ್ ಸೈಕಾಲಜಿಸ್ಟ್. ನಮ್ಮ ಕಾಲಕ್ಕೆ ಅದು ಎರಡು ವರ್ಷದ ಎಂ.ಫಿಲ್. ಯುಜಿಸಿ ಎಂ.ಫಿಲ್ ಅನ್ನೇ ನಿಲ್ಲಿಸಿತು. ಕ್ಲಿನಿಕಲ್ ಸೈಕಾಲಜಿಗೂ ಸೈಕಿಯಾಟ್ರಿಕ್ ಸೋಷಿಯಲ್ ವರ್ಕ್‌ಗೂ 2025-26ರ ತನಕ ವಿನಾಯಿತಿ ಕೊಟ್ಟಿತ್ತು. ನೀನು ಅಲ್ಲಿಗೆ ಬರುವ ಹೊತ್ತಿಗೆ ಕೋರ್ಸಿನ ಹೆಸರೇ ಬೇರೆ ಇರುತ್ತೆ, ಪ್ರತಿ ವರ್ಷ ಆರ್‌ಸಿಐ ವೆಬ್‌ಸೈಟ್ ನೋಡುತ್ತಿರು. ಮಾತ್ರೆ ಬರೆಯೋದು ಸೈಕಿಯಾಟ್ರಿಸ್ಟ್ ಕೆಲಸ. ಅವರು ಎಂಬಿಬಿಎಸ್ ಮಾಡಿ ಆಮೇಲೆ ಎಂಡಿ ಮಾಡಿದವರು.

ಅಷ್ಟು ವರ್ಷ ಬೇಡ ಅನಿಸಿದರೆ ಎಂಎ, ಎಂಎಸ್ಸಿ ಅಥವಾ ಎಂಎಸ್‌ಡಬ್ಲ್ಯೂ ಮುಗಿಸಿದವರಿಗೆ ಆಪ್ತಸಮಾಲೋಚಕರ ಹುದ್ದೆಗಳಿವೆ. ಆಸ್ಪತ್ರೆಯಲ್ಲಿ ಎಚ್‌ಐವಿ ಪರೀಕ್ಷೆ, ಸಮಾಲೋಚನೆ ಮಾಡುವ ಐಸಿಟಿಸಿ, ಹದಿಹರೆಯದವರ ಸ್ನೇಹ ಕ್ಲಿನಿಕ್, ಶಾಲೆಗಳು. ಸರ್ಕಾರದವು ಬಹಳಷ್ಟು ಗುತ್ತಿಗೆ ಕೆಲಸ, ಸಂಬಳ ದೊಡ್ಡದಲ್ಲ. ಅಪ್ಪಾಜಿಗೆ ಇದನ್ನು ಮುಚ್ಚಿಡಬೇಡ.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಮೂರು ತಿಂಗಳ ಆನ್‌ಲೈನ್ ಡಿಪ್ಲೊಮಾ ಮಾಡಿ ಕೌನ್ಸೆಲರ್ ಆಗಿ ಅನ್ನೋ ಜಾಹೀರಾತು ಫೋನಿನಲ್ಲಿ ದಿನಾ ಬರುತ್ತೆ. ದುಡ್ಡು ಕಟ್ಟಬೇಡ. ಸಾಯಬೇಕು ಅನಿಸುತ್ತಿದೆ ಅಂತ ಒಬ್ಬರು ನಿನ್ನ ಎದುರು ಹೇಳಿದಾಗ ಏನು ಕೇಳಬೇಕು, ಯಾರಿಗೆ ಫೋನ್ ಮಾಡಬೇಕು, ಅವರನ್ನು ಯಾರ ಜೊತೆ ಮನೆಗೆ ಕಳಿಸಬೇಕು ಅನ್ನೋದನ್ನು ಹಿರಿಯರ ಪಕ್ಕದಲ್ಲಿ ಕೂತು ಕಲಿಯಬೇಕು. ವಿಡಿಯೋ ನೋಡಿ ಬರಲ್ಲ.

ತುಂಗಭದ್ರೆ ದಂಡೆ:

ಅಕ್ಕ, ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ಅಪ್ಪಾಜಿಗೆ ಪೂರ್ತಿ ಓದಿ ಹೇಳಿದೆ. ಸಂಬಳದ ಸಾಲು ಬಂದಾಗ ಸುಮ್ಮನಾದರು. ಮಗುವಿಗೆ ತಿಂಡಿ ತಿನ್ನಿಸಿಕೊಂಡು ಬನ್ನಿ ಅಂದಿದ್ದನ್ನು ಇನ್ನೊಂದು ಸಲ ಓದು ಅಂದರು.

ಈಗ ಎರಡು ಕಾಲೇಜು ನೋಡಿದ್ದೇವೆ. ಒಂದು ಖಾಸಗಿ, ಹಾಸ್ಟೆಲ್ ಸೇರಿ ಫೀಸು ತುಂಬಾ ಜಾಸ್ತಿ. ಇನ್ನೊಂದು ಸರ್ಕಾರಿ ಕಾಲೇಜು, ಇತಿಹಾಸ, ಸೋಷಿಯಾಲಜಿ ಜೊತೆ ಸೈಕಾಲಜಿ ಇದೆ. ಯಾವುದು ಒಳ್ಳೆಯದು ಅಂತ ಹೇಗೆ ತಿಳಿಯೋದು? ನಾಲ್ಕು ವರ್ಷದ ಡಿಗ್ರಿ ಅಂತ ಯಾರೋ ಅಂದರು, ಅದು ಏನು?

ಹಳೇ ಮಹಾರಾಜ:

ಮಗು, ನಾನು ಸೈಕಾಲಜಿ ಪಾಠ ಮಾಡಿ ನಿವೃತ್ತನಾದವನು, ಮೈಸೂರು. ನಾಲ್ಕು ವರ್ಷದ್ದು ಎನ್‌ಇಪಿಯಲ್ಲಿತ್ತು, ಅಂದರೆ ಕೇಂದ್ರದ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ. ರಾಜ್ಯ ಸರ್ಕಾರ 2024-25ರಿಂದ ಮತ್ತೆ ಮೂರು ವರ್ಷಕ್ಕೆ, ಮೂರು ವಿಷಯಕ್ಕೆ ತಂದಿದೆ. ಹಾಗಾಗಿ ಜೊತೆಯ ಎರಡು ವಿಷಯಗಳನ್ನೂ ಯೋಚಿಸಿ ತಗೋ. ಸೋಷಿಯಾಲಜಿ ನಿನಗೆ ತುಂಬಾ ಉಪಯೋಗಕ್ಕೆ ಬರುತ್ತದೆ.

ಕಾಲೇಜಿನ ಕಟ್ಟಡ ನೋಡಬೇಡ, ಲ್ಯಾಬ್ ತೋರಿಸಿ ಅನ್ನು. ಬೀರುವಿಗೆ ಬೀಗ ಹಾಕಿ ಧೂಳು ಹಿಡಿದಿದ್ದರೆ ಅಲ್ಲಿ ಪ್ರಾಕ್ಟಿಕಲ್ ನಡೆಯುತ್ತಿಲ್ಲ ಅಂತ ಅರ್ಥ. ಕನ್ನಡಿ ನೋಡಿಕೊಂಡು ನಕ್ಷತ್ರ ಬರೆಯುವ ಉಪಕರಣ ಇದೆಯಾ ಕೇಳು. ಬಲಗೈಯಲ್ಲಿ ಅಭ್ಯಾಸ ಮಾಡಿದ ಮೇಲೆ, ಅಭ್ಯಾಸವೇ ಮಾಡದ ಎಡಗೈಯ ತಪ್ಪುಗಳೂ ಕಡಿಮೆಯಾಗುವುದನ್ನು ಅದರಲ್ಲಿ ನೋಡಬಹುದು. ಕಲಿಕೆ ಬರೀ ಕೈಯಲ್ಲಿ ಇಲ್ಲ ಅನ್ನುವುದನ್ನು ನಾನು ಬೋರ್ಡಿನ ಮೇಲೆ ಎಷ್ಟು ಬರೆದರೂ ಮಕ್ಕಳಿಗೆ ಹತ್ತುತ್ತಿರಲಿಲ್ಲ. ಇದನ್ನು ಮಾಡಿದ ದಿನ ಹತ್ತುತ್ತಿತ್ತು. ಸೀನಿಯರ್ ಹುಡುಗಿಯರ ರೆಕಾರ್ಡ್ ಪುಸ್ತಕ ಕೇಳಿ ನೋಡು. ಎಲ್ಲರ ಪುಸ್ತಕದಲ್ಲೂ ಒಂದೇ ಅಂಕಿ ಇದ್ದರೆ ನಕಲು ಮಾಡಿದ್ದಾರೆ. ಮನುಷ್ಯರನ್ನು ನಿಜವಾಗಿ ಅಳೆದಿದ್ದರೆ ಒಬ್ಬರದು ಇನ್ನೊಬ್ಬರ ಹಾಗೆ ಬರುವುದಿಲ್ಲ. ಕಾಯಂ ಅಧ್ಯಾಪಕರು ಇದ್ದಾರಾ, ಅತಿಥಿ ಉಪನ್ಯಾಸಕರಾದರೆ ವರ್ಷ ಪೂರ್ತಿ ಇರುತ್ತಾರಾ, ಅದನ್ನೂ ವಿಚಾರಿಸು.

ಸರ್ಕಾರಿ ಕಾಲೇಜು ಅಂತ ಹಿಂಜರಿಯಬೇಡ. ಈ ರಾಜ್ಯದಲ್ಲಿ ಸೈಕಾಲಜಿ ಬೆಳೆದದ್ದೇ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ. 1924ರಲ್ಲಿ ವಿಭಾಗ ಶುರುವಾಯಿತು, ದೇಶದ ಮೊದಮೊದಲ ವಿಭಾಗಗಳಲ್ಲಿ ಒಂದು. ಕಟ್ಟಿದವರು ಪ್ರೊ. ಎಂ.ವಿ. ಗೋಪಾಲಸ್ವಾಮಿ. ಲಂಡನ್ನಿನಲ್ಲಿ ಮನಃಶಾಸ್ತ್ರಜ್ಞ ಸ್ಪಿಯರ್‌ಮನ್ ಹತ್ತಿರ ಓದಿ ಬಂದು ಇಲ್ಲಿ ಪ್ರಯೋಗಾಲಯ ಮಾಡಿದರು. 1935ರಲ್ಲಿ ತಮ್ಮ ಮನೆಯಿಂದಲೇ ಆಕಾಶವಾಣಿ ಅನ್ನುವ ಹೆಸರಿನ ರೇಡಿಯೋ ಕೇಂದ್ರ ನಡೆಸಿದವರೂ ಅವರೇ. ರೇಡಿಯೋ ವಿಷಯಕ್ಕೆ ಅವರನ್ನು ಎಲ್ಲರೂ ನೆನೆಯುತ್ತಾರೆ. ಮನಃಶಾಸ್ತ್ರದ ಮೇಷ್ಟ್ರು ಅಂತ ನೆನೆಯುವವರು ಕಡಿಮೆ, ಅದು ನನಗೆ ಬೇಸರ.

ಜಯನಗರ ಫೋರ್ತ್ ಬ್ಲಾಕ್:

ಮೇಷ್ಟ್ರು ಹೇಳಿದ್ದು ಸರಿ. ನಾನು ಓದಿದ ಕಾಲೇಜು ಖಾಸಗಿ, ಹೆಸರು ದೊಡ್ಡದು. ಆದರೆ ಅಂಕಿ ಕೊಟ್ಟು ರೆಕಾರ್ಡ್ ಬರೆಸಿದರು. ಎಂಬಿಎಯಲ್ಲಿ ಸ್ಟ್ಯಾಟಿಸ್ಟಿಕ್ಸ್ ಬಂದಾಗ ಮೊದಲಿಂದ ಕಲಿಯಬೇಕಾಯಿತು. ಲ್ಯಾಬ್ ನೋಡಿಯೇ ಸೇರು.

ಮಂಗಳವಾರದ ಕ್ಯಾಂಪ್:

ನನ್ನ ಮತವೂ ಸರ್ಕಾರಿ ಕಾಲೇಜಿಗೇ, ಲ್ಯಾಬ್ ನಡೆಯುತ್ತಿದ್ದರೆ. ಉಳಿದ ದುಡ್ಡು ಎಂಎಸ್ಸಿಗೆ ಬೇಕಾಗುತ್ತೆ. ಅಲ್ಲಿ 55 ಪರ್ಸೆಂಟ್ ಇಲ್ಲದಿದ್ದರೆ ನಿಮ್ಹಾನ್ಸ್‌ನಂಥ ಕಡೆ ಅರ್ಜಿ ಹಾಕಲೂ ಬರಲ್ಲ ಅನ್ನೋದು ನನ್ನ ಕಾಲದ ನಿಯಮ. ಅಂಕದ ಕಡೆ ಮೊದಲ ಸೆಮಿಸ್ಟರಿನಿಂದಲೇ ಗಮನ ಇರಲಿ.

ಓದುವಾಗ ಇನ್ನೊಂದು ಕಾಡುತ್ತೆ, ಈಗಲೇ ಹೇಳಿಬಿಡುತ್ತೇನೆ. ಕಾಯಿಲೆಗಳ ಪಾಠ ಶುರುವಾದ ಕೂಡಲೇ ಎಲ್ಲ ಲಕ್ಷಣವೂ ನನಗೇ ಇದೆ, ಅಪ್ಪನಿಗೆ ಇದೆ, ಗೆಳತಿಗೆ ಇದೆ ಅನಿಸುತ್ತೆ. ಬಹುತೇಕ ಎಲ್ಲರಿಗೂ ಆಗುತ್ತೆ. ಮನೆಯವರಿಗೆ ಕಾಯಿಲೆಯ ಹೆಸರು ಅಂಟಿಸಬೇಡ. ಅತ್ತೆ ವಿಷಯದಲ್ಲೂ ಅಷ್ಟೇ, ಅವರಿಗೆ ನೀನು ಸೊಸೆ ಆಗಿಯೇ ಇರು. ನಿನಗೇ ಮನಸ್ಸು ಭಾರ ಆದರೆ 14416ಕ್ಕೆ ಫೋನ್ ಮಾಡು. ಅದು ಟೆಲಿ-ಮಾನಸ್, ದುಡ್ಡು ಕೊಡಬೇಕಾಗಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಸೈಕಾಲಜಿ ಓದುವವರು ಸಹಾಯ ಕೇಳಬಾರದು ಅಂತೇನೂ ಇಲ್ಲ.

ಕಾಲೇಜು ಶುರುವಾಗುವ ತನಕ ಟೈಮ್ ಇದೆ ಅಲ್ವಾ? ಹತ್ತನೇ ಕ್ಲಾಸಿನ ಗಣಿತ ಪುಸ್ತಕ ಮನೆಯಲ್ಲಿದ್ದರೆ ಸಂಖ್ಯಾಶಾಸ್ತ್ರದ ಪಾಠ ತೆಗೆ. ಸರಾಸರಿ, ಮಧ್ಯಾಂಕ, ಬಹುಲಕ ಮೂರನ್ನೂ ಕೈಯಲ್ಲೇ ಮಾಡು. ಆಮೇಲೆ ನಿಮ್ಮ ಓಣಿಯ ಮನೆಗಳಲ್ಲಿ ಎಷ್ಟೆಷ್ಟು ಜನ ಇದ್ದಾರೆ ಅಂತ ಬರೆದುಕೊಂಡು ಅದಕ್ಕೂ ಮಾಡಿ ನೋಡು. ಎಲ್ಲಿ ಸಿಕ್ಕಿಹಾಕಿಕೊಂಡೆ ಅಂತ ಇಲ್ಲೇ ಬರೆ, ನಾನು ಭಾನುವಾರ ನೋಡುತ್ತೇನೆ.